ಖಾಲಿ ಬಿಟ್ಟ ನಾಲ್ಕು ಪ್ರಶ್ನೆ

ನಂದಿತಾಳಿಗೆ ಖುಷಿಯಾದರೆ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಮೇಡಹಳ್ಳಿಯ ಅವಳ ಬೀದಿಗೆಲ್ಲ ಇದು ಗೊತ್ತು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ತೊಂಬತ್ತೊಂಬತ್ತು ಬಂದ ದಿನ ಹುಡುಗಿ ಅಮ್ಮನಿಗೆ ಹೇಳಲು ಅಂಗನವಾಡಿಗೆ ಓಡಿದಳು. ಸುದ್ದಿ ಕೇಳಿದ ಅಮ್ಮ ಅಷ್ಟರಲ್ಲಿ ಇನ್ನೊಂದು ದಾರಿಯಿಂದ ಮನೆಗೆ ಬಂದಿದ್ದರು. ಮಗಳು ಮನೆಗೆ ವಾಪಸು ಬರುವ ಹೊತ್ತಿಗೆ ಅಮ್ಮ ಮತ್ತೆ ಅಂಗನವಾಡಿಗೆ. ಹೀಗೆ ತಾಯಿ ಮಗಳು ಅರ್ಧ ಗಂಟೆ ಒಬ್ಬರ ಹಿಂದೆ ಒಬ್ಬರು ಸುತ್ತಿದ್ದನ್ನು ಎದುರುಮನೆಯವರು ಜಗಲಿಯ ಮೇಲೆ ಕೂತು ನೋಡಿದರು. ಯಾರೂ ಅಡ್ಡ ಬರಲಿಲ್ಲ. ಪುಕ್ಕಟೆ ಸಿಗುವ ಅಷ್ಟು ಒಳ್ಳೆಯ ತಮಾಷೆಯನ್ನು ಯಾರು ತಾನೆ ನಿಲ್ಲಿಸುತ್ತಾರೆ?

ಅಂಥವಳಿಗೆ, ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮೊದಲ ವರ್ಷ ಮುಗಿದ ಬೇಸಿಗೆಯಲ್ಲಿ, ಎಂಟು ವಾರದ ಸಂಶೋಧನಾ ಇಂಟರ್ನ್‌ಶಿಪ್ ಸಿಕ್ಕಿದೆ ಎಂದು ಮೇಲ್ ಬಂತು. ಆ ದಿನ ಅವಳು ಮನೆಯೊಳಗೆ ನಡೆದ ದೂರವನ್ನು ಅಳೆದಿದ್ದರೆ ಮೈಲಿಗಟ್ಟಲೆ ಆಚೆಯ ಟಿನ್ ಫ್ಯಾಕ್ಟರಿ ಸ್ಟಾಪಿನವರೆಗೆ ಬರುತ್ತಿತ್ತೇನೋ. ದೂರವಾಣಿನಗರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ರೇನ್ ಓಡಿಸಿ ನಿವೃತ್ತರಾದ ಅಪ್ಪ ಸಂಜೀವಪ್ಪ, ಒಂದು ಕಡೆ ಕೂತು ಹೇಳಮ್ಮ, ನಿನ್ನನ್ನು ನೋಡಿ ನನಗೇ ತಲೆ ಸುತ್ತುತ್ತಿದೆ ಎಂದರು. ಅವಳು ಕೂರದೆಯೇ ಹೇಳಿದಳು. ಕಾಯಿಲೆಯವರಿಗೆ ಲೆಕ್ಕ ಎಷ್ಟು ತಿಳಿಯುತ್ತದೆ ಎಂದು ಅಳೆಯಲು ಆಸ್ಪತ್ರೆಗಳಲ್ಲಿ ಪರೀಕ್ಷೆಗಳಿವೆ. ಆ ಪರೀಕ್ಷೆಗಳೇ ಸರಿಯಾಗಿವೆಯೇ ಎಂದು ನೋಡುವ ಕೆಲಸ ತನ್ನದು.

ಕಾಯಿಲೆ ಬಿದ್ದವರಿಗೂ ಪರೀಕ್ಷೆಯೇ, ಅವರ ಸಂಕಟ ಅವರಿಗೆ ಸಾಲದೇ ಎಂದು ಸಂಜೀವಪ್ಪ ಮರುಗಿದರು. ನಂದಿತಾ ಬಿಡಿಸಿ ಹೇಳಿದಳು. ಅರ್ಧ ಮಾತ್ರೆ ದಿನಕ್ಕೆ ಎರಡು ಸಲ, ಸಕ್ಕರೆ ಇನ್ನೂರು ದಾಟಿದರೆ ಇಷ್ಟು, ಈ ಔಷಧಿಯಿಂದ ನೂರಕ್ಕೆ ಐದು ಜನಕ್ಕೆ ವಾಂತಿ ಬರಬಹುದು, ಹೀಗೆ ಡಾಕ್ಟರು ಹೇಳುವುದೆಲ್ಲ ಲೆಕ್ಕವೇ. ಲೆಕ್ಕ ತಪ್ಪಿದರೆ ಮದ್ದೂ ತಪ್ಪುತ್ತದೆ. ಅದಕ್ಕೇ ಯಾರಿಗೆ ಎಷ್ಟು ತಿಳಿಯುತ್ತದೆ ಎಂದು ಮೊದಲೇ ತಿಳಿದುಕೊಳ್ಳುತ್ತಾರೆ. ಅಪ್ಪ ತಲೆಯಾಡಿಸಿದರು. ಅರ್ಥವಾದದ್ದಕ್ಕೋ, ಮಗಳು ಸುಮ್ಮನಾಗಲಿ ಎಂದೋ, ಗೊತ್ತಿಲ್ಲ.

ಆಫೀಸು ಇಂದಿರಾನಗರದಲ್ಲಿ, ಒಂದು ಹಳೆಯ ಮನೆಯ ಮೊದಲ ಮಹಡಿ. ಕೆಳಗೆ ಕಾಫಿ ಅಂಗಡಿ. ಒಂದು ಲೋಟಕ್ಕೆ ಅವರು ಹೇಳುವ ಬೆಲೆ ಕೇಳಿ ನಂದಿತಾ ಮೊದಲ ದಿನವೇ ಮನೆಯಿಂದ ಫ್ಲಾಸ್ಕ್ ತರುವ ನಿರ್ಧಾರ ಮಾಡಿದಳು. ಮೇಲೆ ಕೋಕಿಲಾ ಮೇಡಂ, ಈ ಸಂಶೋಧನೆಯ ಮುಖ್ಯಸ್ಥೆ. ದನಿ ಎಷ್ಟು ಮೆತ್ತಗೆಂದರೆ ಬೈದರೂ ಹತ್ತಿರ ಹೋಗಿ ಕೇಳಿಸಿಕೊಳ್ಳಬೇಕು. ಜೊತೆಗೆ ಇನ್ನೊಬ್ಬ ಇಂಟರ್ನ್, ಜೀವನ್ ಬಿಮಾ ನಗರದ ನಚಿಕೇತ. ಅಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲರೂ ವಿಮೆ ಕಚೇರಿಯವರು. ಮನೆಯಲ್ಲಿ ಊಟಕ್ಕೆ ಕೂತಾಗಲೂ ಯಾರು ಎಷ್ಟು ವರ್ಷ ಬದುಕಬಹುದು ಎಂಬ ಮಾತೇ ಬರುತ್ತದೆ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ಕೆಲಸ ಹೀಗೆ. ಬೇರೆ ಬೇರೆ ದೇಶಗಳಲ್ಲಿ ಇಂಥ ಪರೀಕ್ಷೆ ನಡೆಸಿ ಬರೆದ ಅರವತ್ತನಾಲ್ಕು ಲೇಖನಗಳನ್ನು ಓದಿ, ಯಾವ ಪ್ರಶ್ನೆ ಕೇಳಿದರು, ಎಷ್ಟು ಜನರನ್ನು ಕೇಳಿದರು, ಅಂಕ ಹೇಗೆ ಕೊಟ್ಟರು ಎಂದು ಒಂದು ದೊಡ್ಡ ಪಟ್ಟಿಯಲ್ಲಿ ತುಂಬುವುದು. ಬೇರೆಯವರಿಗಾದರೆ ಆಕಳಿಕೆ ಬರುವ ಕೆಲಸ. ನಂದಿತಾಳಿಗೆ ಜಾತ್ರೆಯಲ್ಲಿ ಬಿಟ್ಟಂತಾಯಿತು. ಮೆಟ್ರೋದಲ್ಲಿ ಓದುತ್ತ ಇಂದಿರಾನಗರ ದಾಟಿ ಹಲಸೂರಿನಲ್ಲಿ ಇಳಿದು ವಾಪಸು ಬಂದದ್ದು ಮೊದಲ ವಾರದಲ್ಲೇ ಮೂರು ಸಲ. ಪ್ರಶ್ನೆಗಳನ್ನು ಅವಳು ಮನೆಯವರು, ಆಫೀಸಿನವರು ಎಲ್ಲರ ಮೇಲೂ ಪ್ರಯೋಗಿಸಿದಳು. ಲಾಟರಿಯಲ್ಲಿ ನೂರಕ್ಕೆ ಒಬ್ಬರಿಗೆ ಬಹುಮಾನ ಬರುತ್ತದೆ, ಸಾವಿರ ಜನ ಆಡಿದರೆ ಎಷ್ಟು ಜನಕ್ಕೆ? ದಾಳವನ್ನು ಸಾವಿರ ಸಲ ಎಸೆದರೆ ಸರಿಸಂಖ್ಯೆ ಸುಮಾರು ಎಷ್ಟು ಸಲ? ಎಲ್ಲಕ್ಕಿಂತ ಕಠಿಣವಾದದ್ದು, ಸಾವಿರಕ್ಕೆ ಒಂದು ಎಂದರೆ ನೂರಕ್ಕೆ ಎಷ್ಟು? ಇದಕ್ಕೆ, ಒಂದರ ಹತ್ತನೇ ಭಾಗ ಎನ್ನುವ ಬದಲು, ನಚಿಕೇತ ಥಟ್ಟನೆ ಹತ್ತು ಎಂದ. ವಿಮೆ ವಂಶದ ಮಾನ ಹೋಯಿತು ಎಂದು ಅವಳು ಎರಡು ದಿನ ಕಾಡಿದಳು.

ಅಂಕ ಕೊಡುವ ಕೈಪಿಡಿಯಲ್ಲಿ ಒಂದು ನಿಯಮವಿತ್ತು. ಸರಿಯಾದ ಉತ್ತರಕ್ಕೆ ಒಂದು, ತಪ್ಪಿಗೆ ಸೊನ್ನೆ, ಖಾಲಿ ಬಿಟ್ಟದ್ದಕ್ಕೂ ಸೊನ್ನೆ. ನಂದಿತಾ ಅದನ್ನು ಓದಿದಳು, ಒಪ್ಪಿದಳು, ಮರೆತಳು. ಪರೀಕ್ಷೆ ಎಂದಮೇಲೆ ಬರೆಯದ್ದಕ್ಕೆ ಅಂಕ ಎಲ್ಲಿಂದ ಬರಬೇಕು? ಹದಿನಾರು ವರ್ಷ ಓದಿದ ಯಾರಾದರೂ ಹಾಗೇ ಯೋಚಿಸುತ್ತಾರೆ.

ಆರನೆಯ ವಾರ ಕಾಗದದ ಪರೀಕ್ಷೆ ನಿಜವಾದ ಜನರ ಮುಂದೆ ಬಂತು. ಪುಲಿಕೇಶಿನಗರದಲ್ಲಿ, ಮಸೀದಿಯಿರುವ ಮಾಸ್ಕ್ ರೋಡಿನ ಹಿಂದಿನ ಓಣಿಯಲ್ಲಿ, ಒಂದು ಟ್ರಸ್ಟಿನವರು ನಡೆಸುವ ಸಕ್ಕರೆ ಕಾಯಿಲೆಯ ಕ್ಲಿನಿಕ್ ಇದೆ. ಅಲ್ಲಿ ಹೊಸದಾಗಿ ಇನ್ಸುಲಿನ್ ಶುರು ಮಾಡಬೇಕಾದ ಹೆಂಗಸರು ಅರವತ್ತು ಜನ. ಲೆಕ್ಕ ತಿಳಿದವರಿಗೆ ಮನೆಯಲ್ಲೇ ಸೂಜಿ ಹಾಕಿಕೊಳ್ಳುವುದನ್ನು ಕಲಿಸಿ ಕಳಿಸುವುದು, ತಿಳಿಯದವರು ದಿನಾ ಬೆಳಿಗ್ಗೆ ಏಳೂವರೆಗೆ ಬಂದು ನರ್ಸ್ ಕೈಯಲ್ಲಿ ಹಾಕಿಸಿಕೊಳ್ಳುವುದು ಎಂದು ಅಲ್ಲಿನ ಮುಖ್ಯ ವೈದ್ಯ ವೆಂಕಟಾಚಲ ಅವರ ಯೋಜನೆ. ಯಾರು ಯಾವ ಗುಂಪಿಗೆ ಎಂದು ಹನ್ನೊಂದು ಪ್ರಶ್ನೆಗಳ ಈ ಪರೀಕ್ಷೆ ಹೇಳಬೇಕು. ಹನ್ನೊಂದಕ್ಕೆ ಎಂಟು ಬಂದರೆ ಮನೆ, ಅದಕ್ಕಿಂತ ಕಡಿಮೆ ಬಂದರೆ ಕ್ಲಿನಿಕ್. ಕನ್ನಡ, ಉರ್ದು, ತಮಿಳು ಮೂರರಲ್ಲೂ ಹಾಳೆ ಮಾಡಿಸಿ ಹಂಚಿದರು. ಅರವತ್ತು ಹಾಳೆಗಳ ಅಂಕವನ್ನೂ ನಂದಿತಾ ಒಬ್ಬಳೇ ಕೂತು ಕಂಪ್ಯೂಟರಿಗೆ ಹಾಕಿದಳು. ಖಾಲಿ ಕಂಡಲ್ಲೆಲ್ಲ ಅವಳ ಬೆರಳು ತಾನಾಗಿ ಸೊನ್ನೆ ಒತ್ತಿತು. ಸೋಮವಾರ ಸಭೆ, ಅಲ್ಲಿ ಒಪ್ಪಿಗೆ ಸಿಕ್ಕರೆ ಮಂಗಳವಾರದಿಂದಲೇ ಪಟ್ಟಿ ಜಾರಿ.

ಶುಕ್ರವಾರ ನೋಡಿದರೆ ಒಂದು ಹಾಳೆಯಲ್ಲಿ ವಯಸ್ಸು ಬರೆದಿರಲಿಲ್ಲ. ಹೆಸರು ಉಮ್ಮೆ ಕುಲ್ಸುಂ, ಅಂಕ ಐದು. ಮನೆ ಕ್ಲಿನಿಕ್ಕಿನಿಂದ ಎರಡು ಓಣಿ ಆಚೆ. ಫೋನ್ ಮಾಡಿದ್ದರೆ ಒಂದು ನಿಮಿಷದ ಕೆಲಸ. ಆದರೆ ನಮ್ಮ ಹುಡುಗಿಗೆ ಕಾಲು ನಿಲ್ಲಬೇಕಲ್ಲ, ಸಂಜೆ ನಡೆದುಕೊಂಡೇ ಹೋದಳು.

ಉಮ್ಮೆ ಕುಲ್ಸುಂ ಮನೆಯಲ್ಲೇ ಬಟ್ಟೆ ಹೊಲಿಯುವವರು. ಓಣಿಯ ಅರ್ಧ ಹೆಂಗಸರ ಅಳತೆ ಅವರ ನಾಲಿಗೆಯ ಮೇಲಿದೆ. ಕ್ಲಿನಿಕ್ಕಿನ ನರ್ಸ್ ಸಹಿತ ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಾರೆ. ಐವತ್ತಮೂರು ಎಂದು ವಯಸ್ಸು ಹೇಳಿ, ಬಂದವಳನ್ನು ಕೂರಿಸಿ ಚಹಾ ಇಟ್ಟರು. ಕೋಣೆಯ ಮೂಲೆಯ ಮಂಚದ ಮೇಲೆ ಅತ್ತೆ ಶರ್ಫುನ್ನೀಸಾ, ಎಂಬತ್ತು ದಾಟಿದ ಜೀವ, ಎದ್ದು ಓಡಾಡುವ ಶಕ್ತಿಯಿಲ್ಲ. ಚಹಾ ಕುದಿಯುವ ಹೊತ್ತಿಗೆ ಸಂಜೆಯ ಮಗ್ರಿಬ್ ನಮಾಜು ಮುಗಿಸಿದ ಆಪಾ, ಅತ್ತೆಯ ಬೆರಳು ಚುಚ್ಚಿ ಸಕ್ಕರೆ ನೋಡಿದರು. ಇನ್ನೂರ ಹನ್ನೆರಡು. ಗೋಡೆಗೆ ಅಂಟಿಸಿದ ಡಾಕ್ಟರ ಚೀಟಿಯತ್ತ ಕಣ್ಣು ಹಾಯಿಸಿ, ಎಂದಿನ ಹದಿನಾಲ್ಕು ಯೂನಿಟ್ಟಿಗೆ ಎರಡು ಸೇರಿಸಿ, ಸಿರಿಂಜಿನಲ್ಲಿ ಹದಿನಾರರ ಗೆರೆಯವರೆಗೆ ಇನ್ಸುಲಿನ್ ಎಳೆದರು. ಬೆರಳಲ್ಲಿ ತಟ್ಟಿ ಗಾಳಿಗುಳ್ಳೆ ಓಡಿಸಿದರು. ಅತ್ತೆಗೆ ಗೊತ್ತಾಗುವ ಮೊದಲೇ ಸೂಜಿ ಒಳಗೆ ಹೋಗಿ ಹೊರಗೆ ಬಂದಿತ್ತು.

ನಂದಿತಾ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಎಷ್ಟು ದಿನದಿಂದ ಇದು ಎಂದು ಕೇಳಿದಳು. ಆರು ವರ್ಷ, ಬೆಳಿಗ್ಗೆ ಏಳೂವರೆಗೊಂದು, ಸಂಜೆಗೊಂದು ಎಂದರು ಆಪಾ. ಅದೇ ಈಗ ತಾಪತ್ರಯ, ಮಂಗಳವಾರದಿಂದ ಅದೇ ಏಳೂವರೆಗೆ ತಾನು ಕ್ಲಿನಿಕ್ಕಿನ ಸಾಲಿನಲ್ಲಿರಬೇಕಂತೆ, ಅತ್ತೆಗೆ ಯಾರು ಹಾಕಬೇಕು, ಅಷ್ಟು ಹೊತ್ತು ಅವರನ್ನು ಒಬ್ಬರನ್ನೇ ಹೇಗೆ ಬಿಡಬೇಕು ಎಂದೂ ಹೇಳಿದರು. ಗೊಣಗಲಿಲ್ಲ, ಬೈಯಲಿಲ್ಲ. ಲೆಕ್ಕ ಬರದವರಿಗೆ ಹಾಗಂತೆ ಎಂದು ನರ್ಸ್ ಹೇಳಿದ್ದನ್ನು ಹಾಗೇ ಒಪ್ಪಿಸಿದರು, ಅಷ್ಟೆ.

ಆರು ವರ್ಷದಿಂದ ದಿನಕ್ಕೆ ಎರಡು ಸಲ ಇನ್ನೊಬ್ಬರಿಗೆ ಇನ್ಸುಲಿನ್ ಕೊಡುತ್ತಿರುವ ಹೆಂಗಸಿಗೆ ತನ್ನದನ್ನು ತಾನು ಹಾಕಿಕೊಳ್ಳಲು ಬರುವುದಿಲ್ಲ ಎಂದು ನಂದಿತಾ ಬರೆದಿಟ್ಟಿದ್ದಳು! ಚೀಲದಿಂದ ಹಾಳೆ ತೆಗೆದು ನೋಡಿದಳು. ಏಳಕ್ಕೆ ಉತ್ತರವಿತ್ತು, ಅದರಲ್ಲಿ ಐದು ಸರಿ. ನಾಲ್ಕು ಖಾಲಿ. ಎರಡು ಲಾಟರಿ, ಒಂದು ದಾಳ, ಒಂದು ಕುದುರೆ ಪಂದ್ಯ.

"ಆಪಾ, ಈ ನಾಲ್ಕು ಯಾಕೆ ಬಿಟ್ರಿ? ಗೊತ್ತಾಗ್ಲಿಲ್ವಾ?"

"ಗೊತ್ತಾಗೋದು ಬಿಡೋದು ಆಮೇಲೆ ಬೇಟಿ. ಜೂಜು ನಮಗೆ ಹರಾಮ್. ಆಡಲ್ಲ, ಆಡೋರ ಲೆಕ್ಕಾನೂ ಮಾಡಲ್ಲ. ಓದಿದೆ, ನಕ್ಕೋ, ಬೇಡ ಅಂತ ಮುಂದಕ್ಕೆ ಹೋದೆ."

ಚಹಾ ಲೋಟ ನಂದಿತಾಳ ಕೈಯಲ್ಲೇ ಉಳಿಯಿತು. ನಾಚಿಕೆ ಒಂದು ಕಡೆ, ಅದರ ಹಿಂದೆಯೇ ಇನ್ನೊಂದು ಕಡೆಯಿಂದ ಖುಷಿ. ಏನೋ ಸಿಕ್ಕಿತ್ತು. ಏನು ಎಂದು ಹೇಳಲು ಇನ್ನೂ ಬರುತ್ತಿರಲಿಲ್ಲ, ಆದರೆ ಸಿಕ್ಕಿದ್ದಂತೂ ನಿಜ.

ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಎಂದಿನಂತೆ ಮುಕ್ಕಾಲು ಗಂಟೆ ನಿಂತಿತು. ಇಳಿದು ಓಡಿದರೆ ಬೇಗ ತಲುಪುತ್ತೇನೇನೋ ಎಂದು ಅವಳಿಗೆ ಮೂರು ಸಲ ಅನ್ನಿಸಿತು. ಮನೆಗೆ ಬಂದರೆ ಅಮ್ಮ ಯಶೋದಮ್ಮ ನೆಲದ ಮೇಲೆ ಅಂಗನವಾಡಿಯ ತೂಕದ ರಿಜಿಸ್ಟರು ಹರವಿಕೊಂಡು ಕೂತಿದ್ದರು. ಚಪ್ಪಲಿ ಬಿಡುತ್ತಲೇ ನಂದಿತಾ ಎಲ್ಲ ಹೇಳಿದಳು. ಬಿಟ್ಟ ಪ್ರಶ್ನೆಗೆಲ್ಲ ಸೊನ್ನೆ ಹಾಕಿದ್ದು ತಾನೇ ಎಂಬುದನ್ನೂ ಹೇಳಿದಳು. ಯಶೋದಮ್ಮ ತಲೆ ಎತ್ತದೆ, ಕೈಯಲ್ಲಿದ್ದ ಪೆನ್ನಿನಿಂದ ರಿಜಿಸ್ಟರಿನಲ್ಲಿ ಒಂದು ಅಡ್ಡಗೆರೆ ಎಳೆದರು.

"ಮಗು ಬಂದಿಲ್ಲ ಅಂದ್ರೆ ನಾವು ಹಿಂಗೆ ಗೆರೆ ಹಾಕ್ತೀವಿ ಕಣೆ. ತೂಕ ಸೊನ್ನೆ ಅಂತ ಬರೀತೀವಾ? ಸೊನ್ನೆ ಕೆಜಿ ಮಗು ಎಲ್ಲಾದ್ರೂ ಇರುತ್ತಾ?"

ಹದಿನಾರು ವರ್ಷದ ಓದು, ಅರವತ್ತನಾಲ್ಕು ಲೇಖನ, ಆರು ವಾರದ ಕೆಲಸ, ಎಲ್ಲದಕ್ಕೂ ಅಮ್ಮ ಒಂದು ಗೆರೆಯಲ್ಲಿ ಉತ್ತರ ಕೊಟ್ಟಿದ್ದರು. ಬಾರದ ಮಗುವಿನ ತೂಕ ನಮಗೆ ಗೊತ್ತಿಲ್ಲ. ಉತ್ತರಿಸದ ಪ್ರಶ್ನೆ ಅವರಿಗೆ ಬರುತ್ತದೋ ಇಲ್ಲವೋ, ಅದೂ ನಮಗೆ ಗೊತ್ತಿಲ್ಲ. ನಂದಿತಾ ಅಮ್ಮನನ್ನು ತಬ್ಬಿಕೊಂಡು ಕುಣಿದಳು. ರಿಜಿಸ್ಟರಿನ ಮೇಲೆ ಕಾಲಿಡಬೇಡವೇ ಮಾರಾಯ್ತಿ, ಮೇಲ್ವಿಚಾರಕಿ ಕೇಳಿದರೆ ಏನು ಹೇಳಲಿ ಎಂದು ಯಶೋದಮ್ಮ ಕೂಗಿಕೊಂಡರು.

ಕುಣಿತ ಮುಗಿದಮೇಲೆ ಭಯ ಬಂತು. ಕೋಕಿಲಾ ಮೇಡಮ್ಮಿಗೆ ಹೇಳಬೇಕು. ತಾನು ಕಟ್ಟಿದ ಪಟ್ಟಿ, ತಾನೇ ಹಾಕಿದ ಅಂಕ, ಎರಡೂ ನಂಬುವ ಹಾಗಿಲ್ಲ ಎಂದು ಸಭೆಗೆ ಎರಡು ದಿನ ಇರುವಾಗ ಹೇಳಬೇಕು. ಸುಮ್ಮನಿದ್ದರೆ ಪ್ರಮಾಣಪತ್ರ ಬರುತ್ತದೆ, ವರದಿಯಲ್ಲಿ ಹೆಸರು ಬರುತ್ತದೆ. ಸುಮ್ಮನಿದ್ದರೆ ಮಂಗಳವಾರ ಏಳೂವರೆಗೆ ಆಪಾ ಸಾಲಿನಲ್ಲಿ ನಿಂತಿರುತ್ತಾರೆ, ಶರ್ಫುನ್ನೀಸಾ ಮಂಚದ ಮೇಲೆ ಕಾಯುತ್ತಿರುತ್ತಾರೆ. ಅವಳು ಫೋನ್ ಮಾಡಿದಳು. ಎಷ್ಟು ವೇಗವಾಗಿ ಹೇಳಿದಳೆಂದರೆ ಮೇಡಂ ಎರಡು ಸಲ ಮೊದಲಿನಿಂದ ಹೇಳಿಸಿದರು.

ಬೈಗುಳ ಬರಲಿಲ್ಲ. ಆ ನಿಯಮ ನಾನೂ ಓದಿದ್ದೆ, ನನಗೂ ಏನೂ ಅನ್ನಿಸಿರಲಿಲ್ಲ ಎಂದರು ಮೇಡಂ, ಇನ್ನಷ್ಟು ಮೆತ್ತಗೆ. ಆದರೆ ಒಬ್ಬರ ಕತೆಯನ್ನು ತೆಗೆದುಕೊಂಡು ವೆಂಕಟಾಚಲ ಅವರ ಮುಂದೆ ಹೋದರೆ ಅವರು ಕನ್ನಡಕದ ಮೇಲಿಂದ ನೋಡಿ ಕಳಿಸಿಬಿಡುತ್ತಾರೆ. ಈ ನಾಲ್ಕು ಪ್ರಶ್ನೆಗಳನ್ನು ಬಿಟ್ಟವರು ಇನ್ನೆಷ್ಟು ಜನ? ಅದೇ ಲೆಕ್ಕವನ್ನು ಬೇರೆ ವಸ್ತುವಿನ ಮೇಲೆ ಕೇಳಿದರೆ ಉತ್ತರಿಸುತ್ತಾರೆಯೇ? ಸೋಮವಾರ ಹತ್ತು ಗಂಟೆಯೊಳಗೆ ಉತ್ತರ ಬೇಕು. ಕ್ಲಿನಿಕ್ಕಿನ ಅನುಮತಿ ನಾನು ಕೇಳುತ್ತೇನೆ ಎಂದರು. ನಂದಿತಾ ಆಯಿತು ಎನ್ನುವಷ್ಟರಲ್ಲಿ ಒಂದು ಷರತ್ತು ಬಂತು.

"ಉಮ್ಮೆ ಕುಲ್ಸುಂ ಅವ್ರನ್ನ ಮಾತ್ರ ನೀನು ಕೇಳ್ಬೇಡ. ಅವ್ರು ಪಾಸಾಗ್ಲಿ ಅಂತ ನಿನಗೆ ಆಸೆ ಇದೆ. ಆಸೆ ಇರೋರು ಅಳೀಬಾರ್ದು."

ಶನಿವಾರ ಇಂದಿರಾನಗರದ ಮಹಡಿಯಲ್ಲಿ ನಂದಿತಾ, ನಚಿಕೇತ ಇಬ್ಬರೇ. ಮೊದಲು ಅರವತ್ತು ಹಾಳೆ. ಲಾಟರಿ, ದಾಳ, ಪಂದ್ಯ ಬಂದ ಕಡೆ ಖಾಲಿ ಬಿಟ್ಟವರು ಇಪ್ಪತ್ತಮೂರು ಜನ! ಅದೇ ಹೆಂಗಸರು ಮಾತ್ರೆಯ ಪ್ರಶ್ನೆ, ಸಕ್ಕರೆಯ ಪ್ರಶ್ನೆ ಒಂದನ್ನೂ ಬಿಟ್ಟಿರಲಿಲ್ಲ. ಆಮೇಲೆ ಅರವತ್ತನಾಲ್ಕು ಲೇಖನಗಳನ್ನು ಮತ್ತೆ ಮೊದಲಿನಿಂದ ತಿರುವಿದರು. ಖಾಲಿ ಬಿಟ್ಟದ್ದನ್ನು ಬೇರೆಯಾಗಿ ಎಣಿಸಿದವರು ಇಬ್ಬರು. ತಪ್ಪೆಂದು ಎಣಿಸಿದ್ದೇವೆ ಎಂದು ಬರೆದವರು ಹನ್ನೊಂದು ಜನ. ಉಳಿದ ಐವತ್ತೊಂದು ಲೇಖನಗಳಲ್ಲಿ ಆ ವಿಷಯಕ್ಕೆ ಒಂದು ಸಾಲೂ ಇಲ್ಲ. ನಂದಿತಾ ತನ್ನ ಪಟ್ಟಿಗೆ ಹೊಸದೊಂದು ಕಾಲಂ ಸೇರಿಸಿದಳು. ಗುರು, ಇದು ಬರೀ ನಮ್ಮ ಓಣಿಯ ತಪ್ಪಲ್ಲ ಕಣೋ ಎಂದು ಎದ್ದು ನಿಂತವಳು ಮತ್ತೆ ಸಂಜೆಯವರೆಗೆ ಸರಿಯಾಗಿ ಕೂರಲಿಲ್ಲ.

ಹೊಸ ಪ್ರಶ್ನೆ ಮಾಡಲು ಕೂತಾಗ ಇನ್ನೊಂದು ಪಜೀತಿ. ಬಟ್ಟೆಯ ಗುಂಡಿ ಎಂದಳು ನಂದಿತಾ. ಅದು ಹೊಲಿಗೆಯವರಿಗೆ ಸುಲಭ, ನಿನ್ನ ಆಪಾಗೆ ನೀನು ಹಿಂಬಾಗಿಲು ತೆಗೆದ ಹಾಗೆ ಎಂದ ನಚಿಕೇತ. ಮೊಟ್ಟೆ ಎಂದಳು. ಮೊಟ್ಟೆ ಅಂದರೆ ನಮ್ಮಜ್ಜಿ ಆ ಹಾಳೆಯನ್ನೇ ಮುಟ್ಟುವುದಿಲ್ಲ, ಮತ್ತೆ ಖಾಲಿಯೇ ಗತಿ ಎಂದ. ಇಬ್ಬರೂ ಮುಖ ಮುಖ ನೋಡಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ದಿನವೂ ಆಗಿರಲಿಲ್ಲ, ಅದೇ ತಪ್ಪಿನೊಳಗೆ ಆಗಲೇ ಮತ್ತೆ ಕಾಲಿಡುತ್ತಿದ್ದರು. ಕೊನೆಗೆ ನಿಂಬೆಹಣ್ಣು ಗೆದ್ದಿತು. ಶಿವಾಜಿನಗರದಲ್ಲಾಗಲಿ ಹಲಸೂರಿನಲ್ಲಾಗಲಿ, ಯಾವ ಮನೆಯಲ್ಲೂ ನಿಂಬೆಹಣ್ಣಿಗೆ ಆಕ್ಷೇಪಣೆಯಿಲ್ಲ.

ಭಾನುವಾರ ಬೆಳಿಗ್ಗೆಯಿಂದ ಇಬ್ಬರೂ ನಾಲ್ಕು ನಿಂಬೆಹಣ್ಣಿನ ಪ್ರಶ್ನೆ ಹಿಡಿದು ಮನೆ ಮನೆ ಹತ್ತಿ ಇಳಿದರು. ಜೊತೆಗೆ ಕ್ಲಿನಿಕ್ಕಿನ ನರ್ಸ್, ಉರ್ದು ತಮಿಳು ಎರಡೂ ಬಲ್ಲವರು. ಬಿಟ್ಟದ್ದಕ್ಕೆ ಕಾರಣ ಕೇಳಿದರೆ ಒಬ್ಬೊಬ್ಬರದು ಒಂದೊಂದು. ಹಲವರಿಗೆ ಆಪಾ ಹೇಳಿದ್ದೇ ಕಾರಣ. ಚರ್ಚಿನಲ್ಲಿ ಹಾಡುವ ಒಬ್ಬ ಅಜ್ಜಿ ಜೂಜಿನ ಮಾತೇ ತನ್ನ ಮನೆಯಲ್ಲಿ ಬೇಡ ಎಂದರು. ಹಲಸೂರಿನ ಒಬ್ಬಾಕೆ, ನಮ್ಮಪ್ಪ ರೇಸಿಗೆ ಹೋಗಿ ಹೋಗಿ ಅಮ್ಮನನ್ನು ಅಳಿಸಿದ್ದು ಸಾಕು, ಆ ಕುದುರೆ ಲೆಕ್ಕ ನನ್ನ ಕೈಯಲ್ಲಿ ಮಾಡಿಸಬೇಡಿ ಎಂದು ಕಣ್ಣೊರೆಸಿಕೊಂಡರು. ಇಪ್ಪತ್ತಮೂರು ವರ್ಷದ ಒಬ್ಬ ಹುಡುಗಿಗೆ ಲಾಟರಿ ಎಂದರೆ ಏನೆಂದೇ ಗೊತ್ತಿರಲಿಲ್ಲ, ನಮ್ಮ ಕಡೆ ಅದು ನಿಂತು ಎಷ್ಟೋ ವರ್ಷವಾಯಿತಲ್ಲ. ನಿಂಬೆಹಣ್ಣು ಎಂದ ಕೂಡಲೇ ಇವರೆಲ್ಲ ಲೆಕ್ಕಕ್ಕೆ ಕೂತರು. ಕೆಲವರು ಬೆರಳ ಗೆಣ್ಣು ಎಣಿಸಿದರು, ಒಬ್ಬರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಸಿಕ್ಕವರು ಹದಿನೆಂಟು ಜನ, ಎಂಟು ಮುಟ್ಟಿದವರು ಹದಿಮೂರು. ಕೊನೆಯ ಮನೆಯಿಂದ ಇಳಿದಾಗ ನಂದಿತಾಳಿಗೆ ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂಬುದು ನೆನಪಾಯಿತು.

ಸೋಮವಾರ ಹತ್ತಕ್ಕೆ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಸಭೆ. ಕೋಕಿಲಾ ಮೇಡಂ ಎರಡು ಮಾತಿನಲ್ಲಿ ವಿಷಯ ತಿಳಿಸಿ, ಕಂಡುಹಿಡಿದವಳೇ ಹೇಳಲಿ ಎಂದು ಕೂತುಬಿಟ್ಟರು. ನಂದಿತಾ ಎದ್ದಳು. ತಪ್ಪು ಸೊನ್ನೆಗಳನ್ನು ಹಾಕಿದವಳು ತಾನೇ ಎಂಬುದನ್ನು ಮೊದಲು ಹೇಳಿದಳು, ಅಮ್ಮನ ರಿಜಿಸ್ಟರಿನ ಗೆರೆಯನ್ನು ಕೊನೆಗೆ ಹೇಳಿದಳು. ವೆಂಕಟಾಚಲ ಕನ್ನಡಕದ ಮೇಲಿಂದಲೇ ನೋಡುತ್ತಿದ್ದರು, ಆದರೆ ಕಳಿಸಿಬಿಡಲಿಲ್ಲ. ಮೂವತ್ತು ವರ್ಷದಿಂದ ಇದೇ ಓಣಿಯಲ್ಲಿ ರೋಗಿಗಳನ್ನು ನೋಡುತ್ತಿದ್ದೇನೆ, ನನಗೂ ಹೊಳೆಯಲಿಲ್ಲವಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಇನ್ನು ಮುಂದೆ ಖಾಲಿ ಬಿಟ್ಟದ್ದಕ್ಕೆ ಸೊನ್ನೆಯಿಲ್ಲ, ಬಿಟ್ಟವರನ್ನು ಬೇರೆ ಪ್ರಶ್ನೆಯಿಂದ ಮತ್ತೆ ಕೇಳಬೇಕು ಎಂದು ಅಲ್ಲೇ ತೀರ್ಮಾನವಾಯಿತು. ಎಂಟರ ಗೆರೆ ಮಾತ್ರ ಅಲುಗುವುದಿಲ್ಲ, ಇನ್ಸುಲಿನ್ ಹುಡುಗಾಟವಲ್ಲ ಎಂದರು ವೆಂಕಟಾಚಲ.

ಆಮೇಲೆ ಉಮ್ಮೆ ಕುಲ್ಸುಂ ಅವರನ್ನು ಕರೆಸಿದರು. ಪಕ್ಕದ ಮನೆಯವರನ್ನು ಅತ್ತೆಯ ಹತ್ತಿರ ಕೂರಿಸಿ ಆಪಾ ಬಂದರು. ಖಾಲಿ ಬಿಟ್ಟ ನಾಲ್ಕನ್ನು ಬೇರೆ ಥರ ಕೇಳುತ್ತೇವೆ, ಯಾವುದಾದರೂ ಬೇಡವೆನಿಸಿದರೆ ಬಿಡಬಹುದು, ಅದನ್ನು ಇನ್ನೊಂದು ಸಲ ಇನ್ನೊಂದು ರೀತಿ ಕೇಳುತ್ತೇವೆ ಎಂದು ವೆಂಕಟಾಚಲ ವಿವರಿಸಿದರು. ಪ್ರಶ್ನೆ ಓದುವವರು ಅವರೇ. ನಂದಿತಾಳ ಕೆಲಸ ಬರೆದುಕೊಳ್ಳುವುದು ಮಾತ್ರ, ತುಟಿ ಬಿಚ್ಚುವಂತಿಲ್ಲ. ಆಪಾ ಬಳಿ ಇರುವುದು ಐದು, ಬೇಕಾದದ್ದು ಎಂಟು. ನಾಲ್ಕರಲ್ಲಿ ಮೂರು ಸರಿಯಾಗಬೇಕು.

ನೂರು ನಿಂಬೆಹಣ್ಣಿಗೆ ಒಂದು ಕೊಳೆತಿರುತ್ತದೆ, ಸಾವಿರಕ್ಕೆ ಎಷ್ಟು? ಹತ್ತು ಎಂದರು ಆಪಾ, ಡಾಕ್ಟರು ಓದಿ ಮುಗಿಸುವ ಮೊದಲೇ. ಒಂದು ಅಂಗಡಿಯಲ್ಲಿ ಇಪ್ಪತ್ತಕ್ಕೊಂದು ಕೊಳೆತದ್ದು, ಇನ್ನೊಂದರಲ್ಲಿ ಹದಿನೈದಕ್ಕೊಂದು. ಯಾವ ಅಂಗಡಿಗೆ ಹೋಗಬಾರದು? ಹದಿನೈದರ ಅಂಗಡಿ, ಇದನ್ನೂ ಕೇಳಬೇಕೇ ಎನ್ನುವ ಹಾಗೆ ನೋಡಿದರು. ಏಳಾಯಿತು. ನಂದಿತಾಳ ಕಾಲು ಮೇಜಿನ ಕೆಳಗೆ ತಾಳ ಹಾಕತೊಡಗಿತು. ಇನ್ನೊಂದು ಬಂದರೆ ಸಾಕು.

ಮೂರನೆಯದು ಆ ಕಠಿಣ ಪ್ರಶ್ನೆ. ಸಾವಿರಕ್ಕೆ ಒಂದು ಕೊಳೆತರೆ, ಅದು ನೂರಕ್ಕೆ ಎಷ್ಟು? ಆಪಾ ಕಣ್ಣು ಮುಚ್ಚಿದರು, ಬೆರಳು ಮಡಿಸಿದರು, ಮತ್ತೆ ಬಿಡಿಸಿದರು. ಒಂದಕ್ಕಿಂತ ಕಮ್ಮಿ ಎಂದರು. ಕಮ್ಮಿ ಎಂದರೆ ಎಷ್ಟು ಎಂದು ಡಾಕ್ಟರು ಕೇಳಿದಾಗ ಮತ್ತೆ ಬೆರಳು ಮಡಿಸಿದರು, ಎಣಿಕೆ ಮುಂದೆ ಹೋಗಲಿಲ್ಲ.

ಇದನ್ನು ಬಿಡುತ್ತೀರಾ, ಖಾಲಿ ಎಂದು ಬರೆಸಲೇ ಎಂದು ವೆಂಕಟಾಚಲ ಮೃದುವಾಗಿಯೇ ಕೇಳಿದರು. ನಂದಿತಾ ಆಗಲೇ ಪೆನ್ನನ್ನು ಗೆರೆ ಎಳೆಯಲು ಒಡ್ಡಿದ್ದಳು. ಹೌದು ಎನ್ನಿ ಆಪಾ, ಹೌದು ಎಂದುಬಿಡಿ ಎಂದು ಅವಳ ಮನಸ್ಸು ಕೂಗುತ್ತಿತ್ತು. ಖಾಲಿ ಎಂದರೆ ಇನ್ನೊಂದು ಅವಕಾಶ. ಸೊನ್ನೆ ಎಂದರೆ ಎಲ್ಲವೂ ಕೊನೆಯ ಒಂದು ಪ್ರಶ್ನೆಯ ಮೇಲೆ.

"ನಕ್ಕೋ. ಸೊನ್ನೆ ಹಾಕು ಬೇಟಿ," ಎಂದರು ಆಪಾ.

ನಂದಿತಾ ಡಾಕ್ಟರ ಮುಖ ನೋಡಿದಳು, ಮೇಡಂ ಮುಖ ನೋಡಿದಳು. ಅವಳು ಸೊನ್ನೆ ಬರೆದಳು. ಇಷ್ಟು ದಿನ ನೂರಾರು ಸೊನ್ನೆ ಒತ್ತಿದ್ದವಳಿಗೆ ಈ ಒಂದನ್ನು ಸುತ್ತಿ ಮುಗಿಸಲು ಸುಲಭಕ್ಕೆ ಕೈ ಬರಲಿಲ್ಲ.

ಕೊನೆಯದು. ಚೀಲದಲ್ಲಿ ಆರು ನಿಂಬೆಹಣ್ಣು, ಮೂರು ಹಳದಿ, ಮೂರು ಹಸಿರು. ನೋಡದೆ ಒಂದನ್ನು ತೆಗೆಯುವುದು, ಮತ್ತೆ ಒಳಗೆ ಹಾಕುವುದು, ಹೀಗೆ ಸಾವಿರ ಸಲ. ಹಳದಿ ಸುಮಾರು ಎಷ್ಟು ಸಲ ಬರಬಹುದು? ಆಪಾ ಈ ಸಲ ಅವಸರ ಮಾಡಲಿಲ್ಲ. ಪ್ರಶ್ನೆಯನ್ನು ಇನ್ನೊಮ್ಮೆ ಓದಿಸಿದರು. ಆಮೇಲೆ ಐನೂರು, ಒಂದೆರಡು ಆಚೆ ಈಚೆ ಎಂದರು.

ಎಂಟು! ನಂದಿತಾ ಕುರ್ಚಿಯಿಂದ ಎದ್ದೇಬಿಟ್ಟಳು, ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಆಸೆ ಇರೋರು ಅಳೀಬಾರದು ಅಂದಿದ್ದು ಇದಕ್ಕೇ ಎಂದು ಕೋಕಿಲಾ ಮೇಡಂ ಮೆಲ್ಲಗೆ ಹೇಳಿ ತಾವೂ ನಕ್ಕರು. ವೆಂಕಟಾಚಲ ಮಾತ್ರ ನಗಲಿಲ್ಲ. ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ಆ ಮೂರನೆಯ ಪ್ರಶ್ನೆಯ ಸೊನ್ನೆಯನ್ನೇ ನೋಡುತ್ತಿದ್ದರು.

"ಅದನ್ನ ಬಿಡ್ತೀನಿ ಅಂದಿದ್ರೆ ಇನ್ನೊಂದ್ಸಲ ಕೇಳ್ತಿದ್ವಲ್ಲಮ್ಮ. ಕೊನೇದು ತಪ್ಪಾಗಿದ್ರೆ ದಿನಾ ಬರ್ಬೇಕಾಗಿತ್ತು. ಯಾಕೆ ಸೊನ್ನೆ ಹಾಕಿಸ್ಕೊಂಡ್ರಿ?"

"ನಾನು ಬೇಡ ಅಂತ ಬಿಟ್ಟಿದ್ದನ್ನ ನೀವು ಗೊತ್ತಿಲ್ಲ ಅಂತ ಬರ್ಕೊಂಡ್ರಿ ಡಾಕ್ಟ್ರೇ. ಗೊತ್ತಿಲ್ದೇ ಇರೋದನ್ನ ನಾನು ಬೇಡ ಅಂತ ಬರೆಸಿದ್ರೆ, ನಿಮಗೂ ನನಗೂ ಏನು ಫರಕ್?"

ವೆಂಕಟಾಚಲ ನಂದಿತಾಳ ಕೈಯಿಂದ ಪೆನ್ನು ತೆಗೆದುಕೊಂಡರು. ಮನೆ ಎಂದು ತಲೆಬರಹವಿದ್ದ ಪಟ್ಟಿಯಲ್ಲಿ ಉಮ್ಮೆ ಕುಲ್ಸುಂ ಎಂದು ತಾವೇ ಬರೆದರು.